ಮೂರು ಸೈಕಲ್ಲು, ಒಂದು ಗಾಡಿ

ನಲವತ್ತಾರನೆಯ ವಯಸ್ಸಿನಲ್ಲಿ ಸೈಕಲ್ ಕಲಿತವಳು ನಾನು. ರೋಣದ ಬಜಾರಿನಲ್ಲಿ ಕಾಳಿನ ಅಂಗಡಿ ಇಟ್ಟಿರುವ ನನ್ನ ಗಂಡ ಅಂದಾನೆಪ್ಪನವರಿಗೆ ಅದು ನುಂಗಲಾರದ ತುತ್ತು. ಗೆಳತಿಯರ ಜೊತೆ ಮಲಪ್ರಭಾ ದಂಡೆಗುಂಟ ಅಡ್ಡಾಡಿ ಬರುತ್ತೇನೆ ಎಂದಾಗ ಚಹಾದ ಬಸಿ ಕೆಳಗಿಟ್ಟರು.

“ಹೋಗು. ಆದ್ರ ‘ಬಂದು ಕರಕೊಂಡ ಹೋಗ್ರಿ’ ಅಂತ ಫೋನ್ ಮಾಡಿದಿ ಅಂದ್ರ, ನಾಳಿಗೇ ಸೈಕಲ್ ಮಾರಿಬಿಡ್ತೀನಿ.”

“ಮಾಡಂಗಿಲ್ಲ ಬಿಡ್ರಿ.”

ಅಂದೆನೇನೋ ಖರೆ, ಆದರೆ ಅವರು ಮಾರಿದರೂ ಮಾರಿಯಾರು. ಆ ಸೈಕಲ್ಲೆಂದರೆ ನನಗೆ ಜೀವ. ಅದರ ಮೇಲೆ ಕೂತಾಗ ಮಾತ್ರ ನನ್ನನ್ನು ಯಾರೂ ಚಹಾ ಕೇಳುವುದಿಲ್ಲ.

ಮುಂಜಾನೆ ಹೊಳೆಆಲೂರಿನ ಹಾದಿ ಹಿಡಿದೆವು. ಬಟ್ಟೆ ಹೊಲಿಯುವ ಶಬನಮ, ಅಬ್ಬಿಗೇರಿಯಲ್ಲಿ ಹೊಲ ಮಾಡುವ ಕಳಕವ್ವ, ನಾನು. ಬುತ್ತಿ ಯಾರು ತರಬೇಕೆಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ಒಬ್ಬೊಬ್ಬರೂ ಹತ್ತು ಮಂದಿಗಾಗುವಷ್ಟು ತಂದಿದ್ದೆವು. ಮೂರು ಸೈಕಲ್ಲೂ ಹಿಂದಕ್ಕೆ ಜಗ್ಗುತ್ತಿದ್ದವು. ಬೇವಿನ ಗಿಡ ಕಂಡಲ್ಲೆಲ್ಲ ಇಳಿದು, ಭಾರ ಕಡಿಮೆ ಮಾಡುವ ನೆಪದಲ್ಲಿ ರೊಟ್ಟಿ ತಿಂದೆವು.

ಹೊಳೆಆಲೂರು ದಾಟಿ ಡಾಂಬರು ಬಿಟ್ಟು ದಂಡೆಯ ಹೊಲದ ಹಾದಿಗೆ ಬಂದಾಗ ಕಳಕವ್ವ ಬ್ರೇಕ್ ಹಾಕಿದಳು. ಹಿಂದಿನ ದಿನ ಮಳೆಯಾಗಿತ್ತು.

“ಇಳೀರಿ. ಎರಿ ಮಣ್ಣು. ಮ್ಯಾಲ ಒಣಗೇತಿ, ಒಳಗ ಹಸಿ ಐತಿ. ಗಾಲಿ ಹಿಡೀತಂದ್ರ ಬಿಡಂಗಿಲ್ಲ.”

ಬದುವಿನ ಹುಲ್ಲಿನ ಮೇಲೆ ಸೈಕಲ್ ಹೊತ್ತುಕೊಂಡು ನಡೆದೆವು.

“ಅಕ್ಕಾ, ನಾವು ತುಳಿಯಾಕ ಬಂದೇವೋ, ಹೊರಾಕ ಬಂದೇವೋ?” ಅಂದಳು ಶಬನಮ.

ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತ ಮೇಲೆ ಸೊಂಟ ಮಾತಾಡತೊಡಗಿತು. ಇಷ್ಟು ದೂರ ತಿರುಗಿ ತುಳಿಯಬೇಕಲ್ಲ ಎಂದು ಅಳುವೇ ಬಂತು. ಸುಳ್ಳೇಕೆ, ಫೋನ್ ಕೈಗೆತ್ತಿಕೊಂಡು ಅವರ ಹೆಸರು ಹುಡುಕಿ, ಬೆರಳು ಅದರ ಮೇಲೆಯೇ ಇಟ್ಟಿದ್ದೆ. ಅಷ್ಟರಲ್ಲಿ ಅದೇ ರಿಂಗಾಯಿತು, ಅವರದೇ ಫೋನ್.

“ಎಲ್ಲಿದ್ದಿ?” ಅಂದರು.

“ಹೊಳಿ ದಂಡಿ ಮ್ಯಾಲ. ಯಾಕ್ರಿ?”

“ಹನ್ನೆರಡಾದ್ರೂ ನಿನ್ನ ಫೋನ್ ಬರಲಿಲ್ಲ. ತಡಕೊಳ್ಳಾಕ ಆಗಲಿಲ್ಲ, ಕರಕೊಂಡ ಹೋಗೂಣು ಅಂತ ನಾನ ಅಂಗಡಿ ಟೆಂಪೋ ಗಾಡಿ ತಗೊಂಡ ಬಂದೆ. ಇಲ್ಲೇ ಹೊಲದ ಹಾದ್ಯಾಗ ಹುಗದೈತಿ. ಲಗೂ ಬಾ.”

ಹೋಗಿ ನೋಡಿದರೆ ಗಾಡಿಯ ಗಾಲಿಗಳೇ ಕಾಣಿಸುತ್ತಿರಲಿಲ್ಲ. ಮೂವತ್ತು ವರ್ಷ ಎರಿ ಹೊಲದ ಕಡಲೆ ತೂಗಿದವರು ಮೊಣಕಾಲವರೆಗೆ ಎರಿ ಮೆತ್ತಿಕೊಂಡು ನಿಂತಿದ್ದರು. ಚಪ್ಪಲಿ ಒಂದೇ ಇತ್ತು. ಶಬನಮ ಸೆರಗು ಬಾಯಿಗೊತ್ತಿಕೊಂಡು ಆ ಕಡೆ ತಿರುಗಿದಳು. ಕಳಕವ್ವ ನಗಲಿಲ್ಲ, ಅವರ ಕೈಗೆ ನಾಲ್ಕು ರೊಟ್ಟಿ ಇಟ್ಟಳು.

“ಹೊಳೆಆಲೂರಿಂದ ಟ್ರ್ಯಾಕ್ಟರ್ ತರಬೇಕ್ರಿ. ನೀವಿಬ್ರೂ ಹೋಗಿ ಬರ್ರಿ, ಅಲ್ಲೀತನ ನಾವಿಬ್ರೂ ಗಾಡಿ ಕಾಯ್ತೀವಿ,” ಅಂದಳು.

ನಾನು ನನ್ನ ಸೈಕಲ್ ಹೊತ್ತು ಡಾಂಬರಿಗೆ ತಂದು ನಿಲ್ಲಿಸಿದೆ. ಅವರು ಒಂದೇ ಚಪ್ಪಲಿಯಲ್ಲಿ ಹಿಂದೆ ಬಂದರು.

“ಬರಿಗಾಲಲೆ ನಡೀತೀರೋ, ಕ್ಯಾರಿಯರ್ ಮ್ಯಾಲ ಕುಂದರ್ತೀರೋ?”

ಕೂತರು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ನನ್ನ ಸೊಂಟದ ಮೇಲೆ. ನೋಯುತ್ತಿದ್ದ ಸೊಂಟ ಎಲ್ಲಿ ಹೋಯಿತೋ ಗೊತ್ತಿಲ್ಲ. ಚಹಾದಂಗಡಿ ಹತ್ತಿರ ಬಂದಾಗ ಅವರು ಹೆಗಲ ಮೇಲಿನ ಟವೆಲು ಮುಖಕ್ಕೆ ಎಳೆದುಕೊಂಡರು. ಅಲ್ಲಿ ಬೆಲ್ ಹೊಡೆಯುವ ಅಗತ್ಯವಿರಲಿಲ್ಲ. ಆದರೂ ಹೊಡೆದೆ.

ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ದನಿ ಬಂತು.

“ಇದನ್ನ ಮಾರೋದ ಬ್ಯಾಡ.”

“ಹೌದ್ರಿ.”

“ಹಿಂದೊಂದ ಮೆತ್ತನ್ನ ಸೀಟ್ ಹಾಕಸೂಣು.”