ಸಾಲಿಮಾತಾಳ ಸಾವಿನ ಸುದ್ದಿ

"ನಾನು ಸತ್ತೆ ಅಂತ ಓದು," ಎಂದಳು ಮುದುಕಿ.

ಪಾಸ್ಕಲ್ ಟೊಯೆ ಪೆನ್ನು ಕೆಳಗಿಟ್ಟ. ತೋಮಾ ಪಟ್ಟಣದ ರೇಡಿಯೋದಲ್ಲಿ ಮಧ್ಯಾಹ್ನ ಹನ್ನೆರಡೂವರೆಯ ಪ್ರಕಟಣೆಗಳನ್ನು ಅವನು ಹದಿನಾಲ್ಕು ವರ್ಷಗಳಿಂದ ಓದುತ್ತಿದ್ದ. ತಪ್ಪಿಸಿಕೊಂಡ ಎತ್ತು, ಲಸಿಕೆಯ ದಿನ, ಮದುವೆ, ಸಾವು. ಸತ್ತವರೇ ಬಂದು ಬರೆಸಿದ್ದು ಇದೇ ಮೊದಲು.

ಮುದುಕಿಯ ಹೆಸರು ಸಾಲಿಮಾತಾ. ಪಕ್ಕದಲ್ಲಿ ಮಗಳು ಮಿನಾತಾ, ಅವಳ ಬೆನ್ನಿಗೆ ಕಟ್ಟಿದ ಕೂಸು. ಉತ್ತರದ ಗೊರೆಂಬಾ ಊರಿನವರು. ಬಂದೂಕು ಹಿಡಿದು ಬೈಕುಗಳಲ್ಲಿ ಬರುವವರಿಗೆ ಹೆದರಿ ಓಡಿಬಂದು, ಏಳು ವಾರಗಳಿಂದ ಮಿಷನ್ ಶಾಲೆಯ ಅಂಗಳದಲ್ಲಿ ಟಾರ್ಪಾಲಿನ ಕೆಳಗಿದ್ದರು. ಮಿನಾತಾಳ ಗಂಡ ಯಾಕುಬಾ ಮಾತ್ರ ಊರು ಬಿಟ್ಟಿರಲಿಲ್ಲ. ಸಜ್ಜೆ ಕೊಯ್ಲು ಮುಗಿಯದೆ ಬರುವುದಿಲ್ಲ ಎಂದು ಮೂರು ಸಲ ಹೇಳಿಕಳಿಸಿದ್ದ. ಈಗ ಬೈಕಿನವರು ಗಡುವು ಹಾಕಿದ್ದರು: ಸೋಮವಾರದ ನಂತರ ಗೊರೆಂಬಾದಲ್ಲಿ ಕಣ್ಣಿಗೆ ಬಿದ್ದ ಗಂಡಸನ್ನು ಉಳಿಸುವುದಿಲ್ಲ. ಅಂದು ಬುಧವಾರ. ಫೋನಿನ ಗೋಪುರ ಮಳೆಗಾಲಕ್ಕೆ ಮುಂಚೆಯೇ ಸುಟ್ಟುಹೋಗಿತ್ತು. ಯಾಕುಬಾನ ಬಳಿ ಉಳಿದಿದ್ದದ್ದು ಒಂದು ರೇಡಿಯೋ.

"ಹೆಂಡ್ತಿ ಕರೀತಿದಾಳೆ, ಬಾ ಅಂತ ಓದ್ತೀನಿ," ಎಂದ ಪಾಸ್ಕಲ್.

"ಹೆಂಡ್ತಿ ಕರೆದ್ರೆ ಬರೋನಾಗಿದ್ರೆ ಯಾವತ್ತೋ ಬಂದಿರ್ತಿದ್ದ," ಎಂದಳು ಸಾಲಿಮಾತಾ. "ಅತ್ತೆ ಸತ್ರೆ ಬರ್ಲೇಬೇಕು ಕಣಪ್ಪ. ಅತ್ತೆ ಕಾರ್ಯಕ್ಕೆ ಆಡು ಹಿಡ್ಕೊಂಡು ಬರ್ದಿದ್ರೆ, ನಮ್ಮೂರಲ್ಲಿ ತವರಿನೋರು ಹುಡುಗೀನ ವಾಪಸ್ ಕರ್ಕೊಂಡ್ಬಿಡ್ತಾರೆ. ಅವನು ಕತ್ತೆ. ಆದ್ರೆ ಮರ್ಯಾದೆಯಿರೋ ಕತ್ತೆ."

ಮಿನಾತಾ ನೆಲ ನೋಡುತ್ತ, "ಬೇಡ ಅಂದೆ ನಾನು. ಬದುಕಿರೋರ ಸಾವು ಸಾರಬಾರದು," ಎಂದಳು.

"ನನಗೆ ಎಪ್ಪತ್ತೊಂಬತ್ತು. ಸುಳ್ಳು ಎಷ್ಟು ದಿನ ಸುಳ್ಳಾಗಿರುತ್ತೆ?"

ಅವರು ಆಡುತ್ತಿದ್ದದ್ದು ಜುಲಾ, ಸಂತೆಯ ಭಾಷೆ. ಪಾಸ್ಕಲ್ ಸಮೊ ಜನಾಂಗದವನು, ಆ ಹೆಂಗಸರೂ ಸಮೊ. ಆದರೆ ತೋಮಾದ ಸಮೊ ಮಾತು ಗೊರೆಂಬಾದವರಿಗೆ ತಿಳಿಯದು, ಗೊರೆಂಬಾದ್ದು ತೋಮಾದವರಿಗೆ ತಿಳಿಯದು. ಪಾಸ್ಕಲನ ಮೇಜಿನ ಹಿಂದೆ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅವನೇ ಬರೆದ, ಭಾಷೆಗಳ ನಂಟು ತೋರಿಸುವ ಒಂದು ಮರದ ಚಿತ್ರವಿತ್ತು. ಬುಡದಲ್ಲಿ ಮಾಂಡೆ ಎಂದು ಬರೆದಿತ್ತು. ಒಂದು ದಪ್ಪ ಕೊಂಬೆಯಲ್ಲಿ ಬಂಬಾರಾ, ಜುಲಾ ಮುಂತಾದ ದೊಡ್ಡ ಮನೆತನಗಳು. ಇನ್ನೊಂದರಲ್ಲಿ ಬಿಸ್ಸಾ, ಎಲ್ಲೋ ನೈಜೀರಿಯಾದಲ್ಲಿರುವ ಬುಸಾ, ಮತ್ತು ಸಮೊ. ಸಮೊ ಟೊಂಗೆ ತುದಿಯಲ್ಲಿ ಮೂರಾಗಿ ಸೀಳಿತ್ತು.

ಯಂತ್ರದ ಕೋಣೆಯಿಂದ ತಂತ್ರಜ್ಞ ರಾಸ್ಮಾನೆ ಇಣುಕಿದ. ಅವನು ಮೊಸ್ಸಿ ಜನಾಂಗದವನು. ಮೊಸ್ಸಿಗಳಿಗೂ ಸಮೊಗಳಿಗೂ ಎದುರಾದಾಗಲೆಲ್ಲ ಒಬ್ಬರನ್ನೊಬ್ಬರು ಗುಲಾಮರೆಂದು ಹಂಗಿಸಿಕೊಳ್ಳುವ ಹಕ್ಕಿನ ನಂಟು. ಸುಮ್ಮನಿದ್ದರೆ ಅದೇ ಅವಮಾನ.

"ಮೂರು ಜನ ಸಮೊಗಳು ಒಂದ್ಕಡೆ ಸೇರಿದ್ರೆ ಜಗಳ ಆಡೋಕೂ ನಾಲ್ಕನೇ ಭಾಷೆ ಸಾಲ ತರ್ಬೇಕು," ಎಂದ. "ಯಾರು ಸತ್ತಿರೋದು?"

"ನಾನು," ಎಂದಳು ಸಾಲಿಮಾತಾ.

"ಹಾಗಾದ್ರೆ ಇನ್ನೂ ಯಾಕೆ ಮಾತಾಡ್ತಿದೀಯ? ಸತ್ತ ಮೇಲೂ ಬಾಯಿ ಮುಚ್ಚಲ್ವಲ್ಲ ಈ ನಾಯಿ ತಿನ್ನೋ ಜನ! ನಿನ್ನ ಕಾರ್ಯಕ್ಕೆ ಕೊಯ್ಯೋ ನಾಯಿಯ ತಲೆ ನನಗೇ ಬರ್ಬೇಕು, ನೆನಪಿರ್ಲಿ."

"ನಿನಗೆ ಬಾಲ. ಗುಲಾಮನಿಗೆ ಬಾಲ," ಎಂದು ಮುದುಕಿ ನಕ್ಕಳು. ಅವಳಿಗೆ ಉಳಿದಿದ್ದದ್ದು ನಾಲ್ಕು ಹಲ್ಲು.

ಪಾಸ್ಕಲ್ ನಗಲಿಲ್ಲ. ಓಡಿಬಂದವರು ಎಲ್ಲಿದ್ದಾರೆಂದು ಗಾಳಿಯಲ್ಲಿ ಹೇಳಕೂಡದೆಂಬ ನಿಯಮ ಹಿಂದಿನ ವರ್ಷದಿಂದ ಇತ್ತು. ಆ ನಿಯಮ ಬರೆದವನು ಅವನೇ. ಕಾರ್ಯ ಎಲ್ಲಿ, ಯಾವತ್ತು ಎಂದು ಹೇಳದ ಸಾವಿನ ಸುದ್ದಿಗೋ ಅರ್ಥವೇ ಇಲ್ಲ.

"ಜುಲಾದಲ್ಲಿ ಓದೋಕಾಗಲ್ಲ," ಎಂದ. "ಜುಲಾ ಎಲ್ಲರಿಗೂ ಬರುತ್ತೆ. ಆ ಬೈಕಿನೋರಿಗೂ."

"ನಮ್ಮ ಮಾತಲ್ಲಿ ಓದು."

ಉತ್ತರದ ಮಾತಿನಲ್ಲಿ ಓದುತ್ತಿದ್ದವನು ಕೆಲಸ ಬಿಟ್ಟು ಕೋಟ್ ದಿವಾರ್‌ಗೆ ಹೋಗಿ ಎರಡು ವರ್ಷವಾಗಿತ್ತು. ಮುದುಕಿಯೇ ಮೈಕಿನ ಮುಂದೆ ಕೂತರೆ ಯಾಕುಬಾ ದನಿ ಗುರುತು ಹಿಡಿಯುತ್ತಾನೆ. ಮಿನಾತಾ ಕೂತರೆ ಅಳು ಬರುತ್ತದೆ. ಪಾಸ್ಕಲ್ ಮರದ ಚಿತ್ರವನ್ನು ನೋಡಿದ. ಗೊರೆಂಬಾದ ಮಾತು ಬಲ್ಲ ಊರುಗಳು ಹನ್ನೆರಡೋ ಹದಿಮೂರೋ. ನನಗೇ ತಿಳಿಯದ್ದು ದೂರದಿಂದ ಬಂದ ಆ ಜನಕ್ಕೆ ಎಲ್ಲಿ ತಿಳಿದೀತು, ಎಂದು ಲೆಕ್ಕ ಹಾಕಿದ.

"ಹೇಳಿಕೊಡಿ," ಎಂದ.

ಒಂದೂವರೆ ಗಂಟೆ ಹಿಡಿಯಿತು. ಸಾಲಿಮಾತಾ ಒಂದೊಂದೇ ಮಾತು ಹೇಳಿದಳು, ಅವನು ತಿರುಗಿ ಹೇಳಿದ. ದನಿ ಏರಬೇಕಾದಲ್ಲಿ ಅವಳು ಅವನ ಮೊಣಕಾಲಿನ ಮೇಲೆ ತಟ್ಟಿದಳು, ಇಳಿಯಬೇಕಾದಲ್ಲಿ ಚಿವುಟಿದಳು. ಗೊರೆಂಬಾದ ಸಾಲಿಮಾತಾ ತೀರಿಕೊಂಡಳು. ತೋಮಾದ ಮಿಷನ್ ಅಂಗಳದಲ್ಲಿ ಶನಿವಾರ ಕಾರ್ಯ. ಅಳಿಯ ಯಾಕುಬಾನಿಗೆ ಕಾಯುತ್ತಿದ್ದೇವೆ. "ತೀರಿಕೊಂಡಳು" ಎಂಬಲ್ಲಿ ಅವಳು ನಾಲ್ಕು ಸಲ ನಿಲ್ಲಿಸಿದಳು.

"ಹೀಗಂದ್ರೆ ಯಾವುದೋ ಕೋಳಿ ಸತ್ತ ಹಾಗಿದೆ. ನಾನು ಒಂಬತ್ತು ಹೆತ್ತೋಳು ಕಣೋ. ಭಾರವಾಗಿ ಹೇಳು."

ಗುರುವಾರ ಅದು ಪ್ರಸಾರವಾಯಿತು. ಶುಕ್ರವಾರ ಇನ್ನೊಮ್ಮೆ. ತೋಮಾದ ಕೇಳುಗರು ಪಾಸ್ಕಲನನ್ನು ದಾರಿಯಲ್ಲಿ ನಿಲ್ಲಿಸಿ, ಏನದು ನೀನು ಓದಿದ್ದು, ಜ್ವರವೇ, ಎಂದು ಕೇಳಿದರು. ಅವನಿಗೆ ಒಳಗೊಳಗೆ ಹೆಮ್ಮೆಯೆನಿಸಿತು.

ಶನಿವಾರ ಬೆಳಿಗ್ಗೆ ಎಂಟರ ಹೊತ್ತಿಗೆ ಮೊದಲ ಗುಂಪು ಬಂತು. ಸುತ್ತಲಿನ ಊರುಗಳಲ್ಲಿ ಚದುರಿಹೋಗಿದ್ದ ಗೊರೆಂಬಾದ ಹೆಂಗಸರು. ಬೂದಿ ಬಳಿದುಕೊಂಡು, ಬೀದಿಯ ತಿರುವಿನಿಂದಲೇ ಎದೆ ಬಡಿದುಕೊಳ್ಳುತ್ತ ಅಂಗಳಕ್ಕೆ ಬಂದು, ಮಣೆಯ ಮೇಲೆ ಕೂತು ಅಡಿಕೆಯಂತೆ ಕೋಲಾಕಾಯಿ ಜಗಿಯುತ್ತಿದ್ದ ಸಾಲಿಮಾತಾಳನ್ನು ಕಂಡು ನಿಂತರು. ಒಬ್ಬಳು ಚೀರಿ ಓಡಿದಳು. ಇನ್ನೊಬ್ಬಳು ಹತ್ತಿರ ಬಂದು ಅವಳ ತೋಳು ಹಿಂಡಿ ನೋಡಿ, ಕೈಗೆ ಸಿಕ್ಕ ಚಪ್ಪಲಿ ಎತ್ತಿದಳು.

"ಮೂವತ್ತು ಕಿಲೋಮೀಟರ್ ಅತ್ಕೊಂಡು ನಡೆದಿದೀನಿ ನಾನು! ಈಗ್ಲೇ ಸಾಯಿ!"

ಸಂಜೆಯ ಹೊತ್ತಿಗೆ ನಲವತ್ತು ಜನ ಸೇರಿದ್ದರು. ಏಳು ವಾರ ಒಬ್ಬರ ಮುಖ ಒಬ್ಬರು ನೋಡದವರು ಒಂದೇ ಟಾರ್ಪಾಲಿನ ಕೆಳಗೆ ತಮ್ಮ ಮಾತಿನಲ್ಲಿ ಗದ್ದಲ ಮಾಡುತ್ತಿದ್ದರು. ಯಾಕುಬಾ ಬಂದಿರಲಿಲ್ಲ. ಆಡು ಹಿಡಿದು ನಡೆಯುವವನಿಗೆ ತಡವಾಗುತ್ತದೆ ಎಂದರು. ಮಿನಾತಾ ಗೇಟಿನ ಬಳಿಯೇ ಕೂತಿದ್ದಳು.

ಭಾನುವಾರ ಹತ್ತು ಗಂಟೆಗೆ ಕೊನೆಯ ಗುಂಪು ಬಂತು. ಐವರು ಹೆಂಗಸರು ಮತ್ತು ಲಸಿನಾ ಎಂಬ ಮುದುಕ. ಅವರು ಅಳುತ್ತಿರಲಿಲ್ಲ. ಸಾಲಿಮಾತಾ ಜೀವಂತ ಕೂತಿದ್ದನ್ನು ನೋಡಿಯೂ ಬೆಚ್ಚಲಿಲ್ಲ. ಲಸಿನಾ ನೀರು ಕೇಳಿ ಕುಡಿದ. ಆಮೇಲೆ, ಪಾಸ್ಕಲನಿಗೂ ತಿಳಿಯಲೆಂದು, ಜುಲಾದಲ್ಲಿ ಹೇಳಿದ.

"ಊರಿಂದ ಒಂಬತ್ತು ಜನ ಹೊರಟಿದ್ವಿ. ಯಾಕುಬಾ ಮುಂದೆ ಇದ್ದ. ಹೊಳೆ ದಾಟೋ ಜಾಗದಲ್ಲಿ ಇಬ್ರು ಬೈಕ್ ನಿಲ್ಲಿಸ್ಕೊಂಡು ಕೂತಿದ್ರು. ಮುಖಕ್ಕೆ ಬಟ್ಟೆ. ಎಲ್ಲಿಗೆ ಅಂತ ಕೇಳ್ಲಿಲ್ಲ ಅವ್ರು. 'ಸಾಲಿಮಾತಾ ಕಾರ್ಯಕ್ಕಾ? ರೇಡಿಯೋದಲ್ಲಿ ಕೇಳಿದ್ವಿ' ಅಂದ ಒಬ್ಬ."

"ಜುಲಾದಲ್ಲಾ?" ಎಂದ ಪಾಸ್ಕಲ್.

"ನಮ್ಮ ಮಾತಲ್ಲಿ."

"ಅರ್ಧಂಬರ್ಧ ಕಲ್ತಿರ್ತಾರೆ ಕೆಲವರು..."

"ಕಲ್ತಿದ್ದಲ್ಲಪ್ಪ. ನಮ್ಮೂರೋರು ಆಡೋ ಹಾಗೇ ಆಡ್ದ. 'ಅಜ್ಜಿ ಒಳ್ಳೇವ್ಳು, ನನ್ನ ಚಿಕ್ಕಂದಿನಲ್ಲಿ ಮುದ್ದೆ ಕೊಟ್ಟಿದ್ಲು' ಅಂತಾನೂ ಅಂದ. ಹೆಂಗಸರು, ಮುದುಕರು ನಡೀರಿ ಅಂದ. ಗಂಡಸರು ಮೂವರನ್ನ ನಿಲ್ಲಿಸ್ಕೊಂಡ. ಯಾಕುಬಾ ಆಡಿನ ಹಗ್ಗ ನನ್ನ ಕೈಗೆ ಕೊಡೋಕೆ ಬಂದ. ಬೇಡ, ಅಲ್ಲೇ ಬಿಡು ಅಂದ್ರು."

"ಆಮೇಲೆ?"

"ನಾವು ನಡೀತಾ ಇದ್ವಿ. ತಿರುಗಿ ನೋಡ್ಬೇಡಿ ಅಂದಿದ್ರು." ಲಸಿನಾ ಖಾಲಿ ಲೋಟವನ್ನು ನೆಲಕ್ಕಿಟ್ಟ. "ಮೂರು ಸಲ ಕೇಳಿಸ್ತು."

ಅಂಗಳದಲ್ಲಿ ನಲವತ್ತಕ್ಕೂ ಹೆಚ್ಚು ಜನರಿದ್ದರು. ಶನಿವಾರ ನಕ್ಕಿದ್ದವರೆಲ್ಲ ಅಲ್ಲೇ ಇದ್ದರು. ಮಿನಾತಾ ಗೇಟಿನ ಬಳಿಯಿಂದ ಎದ್ದು ಬಂದು, ಕೂಸನ್ನು ಬೆನ್ನಿನಿಂದ ಬಿಚ್ಚಿ ಪಕ್ಕದವಳ ಮಡಿಲಿಗೆ ಕೊಟ್ಟಳು. ತಾಯಿಯ ಕಡೆ ನೋಡಲಿಲ್ಲ.

ರಾಸ್ಮಾನೆಯೂ ಬಂದು ಗೋಡೆಗೊರಗಿ ನಿಂತಿದ್ದ. ಸಮೊಗಳ ಸಾವಿನಲ್ಲಿ ಮೊಸ್ಸಿಯೊಬ್ಬ ಎದ್ದು ತಮಾಷೆ ಮಾಡಬೇಕು, ಸತ್ತವನನ್ನು ಬಯ್ಯಬೇಕು. ಅದು ಅವನ ಕರ್ತವ್ಯ. ಅವನು ಗಂಟಲು ಸರಿಮಾಡಿಕೊಂಡ.

"ಏನೋ ಗುಲಾಮ, ಹೇಳು," ಎಂದಳು ಸಾಲಿಮಾತಾ.

"ಆಗ್ತಿಲ್ಲ ಅಜ್ಜಿ," ಎಂದ ಅವನು.

ಮುದುಕಿ ಮಣೆಯ ಮೇಲಿಂದ ಇಳಿದು ನೆಲದ ಮೇಲೆ ಕೂತಳು. ಅವಳು ಮಾತಾಡತೊಡಗಿದಳು, ತನ್ನ ಮಾತಿನಲ್ಲಿ, ಯಾರನ್ನೂ ಉದ್ದೇಶಿಸದೆ, ದನಿ ಏರಿಸದೆ. ಬಹಳ ಹೊತ್ತು ಮಾತಾಡಿದಳು. ತಾನು ನಾಲ್ಕು ಸಲ ತಿದ್ದಿಸಿಕೊಂಡಿದ್ದ, ಸಾವಿನ ಆ ಒಂದು ಪದ ಪಾಸ್ಕಲನಿಗೆ ಮತ್ತೆ ಮತ್ತೆ ಕೇಳಿಸಿತು. ಉಳಿದದ್ದೇನೂ ತಿಳಿಯಲಿಲ್ಲ. ಅವಳು ಪಾಸ್ಕಲನನ್ನು ಶಪಿಸುತ್ತಿದ್ದಾಳೋ, ಆ ಬಟ್ಟೆ ಕಟ್ಟಿದ ಮುಖದವನನ್ನೋ, ಮುದ್ದೆ ಬಡಿಸಿದ ತನ್ನ ಕೈಯನ್ನೋ?

"ಏನಂತಿದಾಳೆ?" ಎಂದು ಲಸಿನಾನನ್ನು ಕೇಳಿದ. ಮುದುಕ ಕಣ್ಣು ಮುಚ್ಚಿಕೊಂಡ. ಪಕ್ಕದ ಹೆಂಗಸನ್ನು ಕೇಳಿದ. ಅವಳು ಜುಲಾ ಬಾರದವಳ ಹಾಗೆ ಅವನನ್ನು ನೋಡಿದಳು. ಹಿಂದಿನ ದಿನ ಚಪ್ಪಲಿ ಎತ್ತಿದ್ದವಳು ಅವಳೇ. ಅವನೊಡನೆ ಜುಲಾದಲ್ಲಿ ಅರ್ಧ ಗಂಟೆ ಹರಟಿದ್ದಳು.

ಸಾಲಿಮಾತಾಳ ಕಾರ್ಯಕ್ಕೆಂದು ಜನ ತಂದಿದ್ದ ಸಜ್ಜೆಯ ಗಂಟುಗಳು ಗೋಡೆಯ ಬಳಿ ಬಿಚ್ಚದೆ ಹಾಗೇ ಇದ್ದವು. ಮಿನಾತಾ ಗಂಡನ ಕಾರ್ಯಕ್ಕೆ ಒಂದೊಂದನ್ನೇ ಬಿಚ್ಚಿ ಚಾಪೆಯ ಮೇಲೆ ಸುರಿದಳು. ಬೇರೆ ಬೇರೆ ಹೊಲಗಳ ಕಾಳು. ಕೆಲವು ಬೂದು, ಕೆಲವು ಹಳದಿ. ಯಾರೋ ಅವಳಿಗೆ ಮೊರ ತಂದುಕೊಟ್ಟರು. ಎರಡು ಹಿಡಿ ಹಾಕಿಕೊಂಡು ಒಮ್ಮೆ ಕೇರಿದಳು. ಹೊಟ್ಟು ಪಾಸ್ಕಲನ ಕಡೆಗೆ ಹಾರಿ ಅವನ ಷರಟಿನ ಮೇಲೆ ಕೂತಿತು. ಆಮೇಲೆ ಅವಳು ತಲೆ ಬಗ್ಗಿಸಿ ಕಲ್ಲು ಆರಿಸತೊಡಗಿದಳು.