ಉಗುರಿನ ಷರಾ

ಬಸ್ಸು ಬಣಕಲ್ಲಿನಲ್ಲಿ ನಿಂತದ್ದು ಜನರನ್ನು ಇಳಿಸಲಿಕ್ಕಲ್ಲ, ಇನ್ನು ಮುಂದೆ ಹೋಗಲಾರದೆ. ರೇಡಿಯೇಟರಿನಿಂದ ಬುಸುಬುಸು ಹಬೆ ಏಳುತ್ತಿತ್ತು. ಡ್ರೈವರು ಚಕ್ರಕ್ಕೆ ಕಲ್ಲು ಕೊಟ್ಟು ಬೀಡಿ ಹಚ್ಚುವಷ್ಟರಲ್ಲಿ ರಸ್ತೆಯಾಚೆಯ ವರ್ಕ್‌ಶಾಪಿನಿಂದ ಮೆಕ್ಯಾನಿಕ್ ಯಾಕೂಬ್ ಸ್ಪ್ಯಾನರು ಹಿಡಿದು ಬಂದ. ಬಾಳೂರಿಗೆ ಹೊರಟಿದ್ದ ಶಾಂತಕುಮಾರಿ ಕಪ್ಪು ಚೀಲ ಹಿಡಿದು ಕೆಳಗಿಳಿದದ್ದನ್ನು ನೋಡಿ ಅವನ ಮುಖ ಅರಳಿತು.

"ಸಿಸ್ಟ್ರು! ಇವತ್ತು ನಮ್ಮನೆಗಾ? ಶುಕ್ರವಾರ ಅಂದ್ಕೊಂಡಿದ್ದೆ."

"ಶುಕ್ರವಾರವೇ ಯಾಕೂಬ್. ಕಾರ್ಡು ನಿನ್ನೆ ಹಾಕಿದೀನಿ, ಇನ್ನೂ ಬಂದಿಲ್ವೇನೋ. ಇವತ್ತು ಬಾಳೂರಿಗೆ ಹೊರಟಿದ್ದೆ."

"ಇದು ಇನ್ನು ಒಂದು ಗಂಟೆ ಕೆಲಸ. ಬಿಸಿಲಲ್ಲಿ ಯಾಕೆ ನಿಲ್ತೀರಿ, ಮನೇಲಿ ಕೂತಿರಿ. ವಸಂತಮ್ಮ ಕಾಫಿ ಮಾಡಿ ಕೊಡ್ತಾರೆ" ಎಂದು ಅವನು ಬಸ್ಸಿನಡಿಗೆ ತೂರಿಕೊಂಡ.

ಕಾಫಿಯ ಆಸೆಗೇ ಅವಳು ಹೊರಟದ್ದು. ಇದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಅವತ್ತು ಅವಳು ಆ ಮನೆಗೆ ಕೆಲಸದ ಮೇಲೆ ಹೋಗಿರಲಿಲ್ಲ.

ಅವಳ ಕೆಲಸವೇನೋ ದೊಡ್ಡದೇ. ಮೂಡಿಗೆರೆ ಸುತ್ತಿನ ಕಾಫಿ ತೋಟದ ಯಜಮಾನರು ಸೇರಿ ಕಟ್ಟಿದ ಟ್ರಸ್ಟೊಂದು ಹಾಸಿಗೆ ಹಿಡಿದವರ ಮನೆಗಳಿಗೆ ಆಯಾಗಳನ್ನು ಕಳಿಸುತ್ತಿತ್ತು. ಆಯಾಗಳು ಸರಿಯಾಗಿ ನೋಡಿಕೊಳ್ಳುತ್ತಿದ್ದಾರೋ, ರೋಗಿಗೆ ಅಪಾಯವೇನೂ ಇಲ್ಲವೋ ಎಂದು ತಿಂಗಳಿಗೊಮ್ಮೆ ನೋಡಿ ಫಾರಮ್ಮು ತುಂಬುವವಳು ಶಾಂತಕುಮಾರಿ. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ನರ್ಸು. ಹೇಳದೆ ಕೇಳದೆ ಇನ್ನೊಬ್ಬರ ಒಳಕೋಣೆಗೆ ನುಗ್ಗುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನಂಬಿದವಳು. ಆದ್ದರಿಂದ ಪ್ರತಿ ಮನೆಗೂ ಮೊದಲೇ ಕಾರ್ಡು ಹೋಗುತ್ತಿತ್ತು. ಕಾರ್ಡು ತಲುಪಿದ ಮನೆ ಹೆಣ್ಣು ನೋಡುವ ಶಾಸ್ತ್ರಕ್ಕೆ ತಯಾರಾದಂತೆ ತಯಾರಾಗುತ್ತಿತ್ತು. ಪ್ರಶ್ನೆಪತ್ರಿಕೆಯನ್ನು ಮೊದಲೇ ಕೊಟ್ಟು, ನನ್ನ ಮಕ್ಕಳೆಲ್ಲ ಪಾಸು ಎಂದು ಬೀಗುವ ಮೇಷ್ಟರ ಪೈಕಿ ಇವಳು.

ಯಾಕೂಬನ ತಾಯಿ ಜಮೀಲುನ್ನೀಸಾಗೆ ಲಕ್ವ ಹೊಡೆದು ಒಂಬತ್ತು ತಿಂಗಳಾಗಿತ್ತು. ತುಂಬು ಮೈಯ ಹೆಂಗಸು. ಮಾತು ಹೋಗಿತ್ತು, ಬಲಭಾಗ ಹೋಗಿತ್ತು, ಎಡಗೈಯೊಂದು ಆಡುತ್ತಿತ್ತು. ಸೊಸೆ ಶಹರ್ ಬಾನು ಬಾಣಂತನಕ್ಕೆ ಕಳಸದ ತವರಿಗೆ ಹೋಗಿದ್ದಳು. ಮಗ ತಾಯಿಯ ಮೈ ತೊಳೆಯುವಂತಿಲ್ಲ, ಸೆರಗು ಸರಿಸುವಂತಿಲ್ಲ; ಬಾಗಿಲಲ್ಲಿ ನಿಂತು "ಅಮ್ಮೀ" ಎಂದು ಮಾತಾಡಿಸಿ ಹೋಗುತ್ತಿದ್ದ. ಟ್ರಸ್ಟು ಮೊದಲಿಗೆ ಇಬ್ಬರನ್ನು ಗೊತ್ತುಮಾಡಿತ್ತು, ಆಯಾ ವಸಂತಮ್ಮ ಮತ್ತು ಅವಳ ಕೈಯಾಸರೆಗೆ ಪಕ್ಕದ ಮನೆಯ ರೌಶನ್ ಬೀ. ಮೂರು ತಿಂಗಳು ಫಾರಮ್ಮಿನಲ್ಲಿ 'ತೃಪ್ತಿಕರ' ಎಂದು ಬಂದ ಮೇಲೆ ಟ್ರಸ್ಟಿನ ಕಾರ್ಯದರ್ಶಿ ಮಂಜಯ್ಯ, "ಎಲ್ಲಾ ಸರಿ ಇದೆ ಅಂತ ನೀವೇ ಬರೆದಿದೀರಲ್ಲ ಸಿಸ್ಟರ್, ಮತ್ತೆ ಇಬ್ರು ಯಾಕೆ?" ಎಂದು ಕೇಳಿದ್ದರು. ಶಾಂತಕುಮಾರಿ ಒಂದು ಕ್ಷಣ ಯೋಚಿಸಿ, ಹೌದೆಂದು ತಲೆಯಾಡಿಸಿದ್ದಳು. ರೌಶನ್ ಬೀ ಕಾಫಿ ತೋಟದ ಕೂಲಿಗೆ ಹೋದಳು.

ಬಾಗಿಲು ತೆರೆದೇ ಇತ್ತು. ಜಗಲಿ ಹತ್ತುವಾಗಲೇ ಮೂಗಿಗೆ ಒಂದು ಹುಳಿ ಹುಳಿ ಕೊಳೆತ ವಾಸನೆ ಬಡಿಯಿತು. ಕೊಯ್ಲಿನ ಕಾಲ, ಯಾವುದೋ ತೋಟದ ಪಲ್ಪರ್ ಗುಂಡಿಯಲ್ಲಿ ಕಾಫಿ ಸಿಪ್ಪೆ ಕೊಳೆಯುತ್ತಿರಬೇಕು ಎಂದುಕೊಂಡಳು. ಒಳಕ್ಕೆ ಹೋದಂತೆ ವಾಸನೆ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು.

ಮುದುಕಿ ಮಂಚದ ಮೇಲೆ ಅಂಗಾತ ಮಲಗಿದ್ದಳು. ಶುಕ್ರವಾರಗಳಲ್ಲಿ ಕಾಣುವ ಬಿಳಿ ದುಪಟ್ಟಾ ಇರಲಿಲ್ಲ, ಇಸ್ತ್ರಿ ಮಾಡಿದ ಹೊದಿಕೆ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಸಾಂಬ್ರಾಣಿ ಹಾಕುವ ಕೆಂಡದ ಬಟ್ಟಲು ಆರಿ ಕೂತಿತ್ತು. ಶಾಂತಕುಮಾರಿ ಬಂದಾಗಲೆಲ್ಲ ಈ ಕೋಣೆಯಲ್ಲಿ ಮುಖ ಕಾಣದಷ್ಟು ಹೊಗೆ ತುಂಬಿರುತ್ತಿತ್ತು. ಜುಮ್ಮಾದ ದಿನ, ಮೇಲಾಗಿ ಮನೆಗೆ ದೊಡ್ಡವರು ಬರುವ ದಿನ. ಸಾಂಬ್ರಾಣಿ ಹಾಕುವುದು ಮನೆಯವರ ಮರ್ಯಾದೆ, ಮೆಚ್ಚುವುದು ತನ್ನ ಮರ್ಯಾದೆ. ಒಂದು ಸಲ ಷರಾ ಕಾಲಮ್ಮಿನಲ್ಲಿ 'ಕೋಣೆ ಸುವಾಸನೆಯಿಂದಿದೆ' ಎಂದೂ ಬರೆದಿದ್ದಳು.

ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ವಸಂತಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ಗಕ್ಕನೆ ನಿಂತಳು.

"ಇವತ್ತು ಮಂಗಳವಾರ ಅಲ್ವಾ ಅಮ್ಮ?"

"ಏನಿದು ವಾಸನೆ, ವಸಂತಮ್ಮ?"

"ತಡೀರಿ, ಸಾಂಬ್ರಾಣಿ ಹಾಕ್ತೀನಿ."

ಆಗ ಮುದುಕಿಯ ಎಡಗೈ ಬಂದು ಶಾಂತಕುಮಾರಿಯ ಮಣಿಕಟ್ಟು ಹಿಡಿಯಿತು. ಇದು ಹೊಸದಲ್ಲ. ಪ್ರತಿ ಸಲವೂ ಹೀಗೆಯೇ ಹಿಡಿದು ತನ್ನ ಸೊಂಟದ ಕಡೆಗೆ ಎಳೆಯುತ್ತಿದ್ದಳು. ಶಾಂತಕುಮಾರಿ ಅದನ್ನು ಪ್ರೀತಿ ಎಂದೇ ತಿಳಿದಿದ್ದಳು. "ಮುಂದಿನ ತಿಂಗಳು ಮತ್ತೆ ಬರ್ತೀನಿ ಬೀಬಮ್ಮ" ಎಂದು ಕೈ ಬಿಡಿಸಿಕೊಂಡು ಹೋಗುತ್ತಿದ್ದಳು. ಎರಡು ತಿಂಗಳ ಹಿಂದೆ ಮುದುಕಿ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನಾಲ್ಕು ಉಗುರೂ ಚರ್ಮದಲ್ಲಿ ನಾಟಿ ರಕ್ತ ಬಂತು. ಆ ಮನೆಯ ಬಗ್ಗೆ ಅವಳು ಬರೆದ ಒಂದೇ ಒಂದು ದೂರು ಅವತ್ತಿನದು: 'ರೋಗಿಯ ಉಗುರು ಬೆಳೆದಿದೆ. ವಾರಕ್ಕೊಮ್ಮೆ ಕತ್ತರಿಸತಕ್ಕದ್ದು.'

ವಸಂತಮ್ಮ ತಪ್ಪದೆ ಕತ್ತರಿಸಿದ್ದಳು. ಮೊಂಡು ಬೆರಳುಗಳು ಈಗ ಹಿಡಿತ ಸಿಗದೆ ಜಾರುತ್ತಿದ್ದವು. ಜಾರಿದರೂ ಮತ್ತೆ ಹಿಡಿದು ಎಳೆಯುತ್ತಿದ್ದವು.

ಶಾಂತಕುಮಾರಿ ಚೀಲ ಕೆಳಗಿಟ್ಟಳು. "ಸಾಂಬ್ರಾಣಿ ಬೇಡ. ಆ ಕಡೆಯಿಂದ ಹಿಡ್ಕೋ. ಹೊರಳಿಸೋಣ."

"ಅಮ್ಮ, ಬೇಡ."

"ಹಿಡ್ಕೋ ಅಂದೆ."

ಇಬ್ಬರು ಸೇರಿದ್ದರಿಂದ ಮುದುಕಿ ಸಲೀಸಾಗಿ ಮಗ್ಗುಲಾದಳು. ಸೊಂಟದ ಕೆಳಗೆ, ಅಂಗೈ ಇಟ್ಟರೂ ಮುಚ್ಚದಷ್ಟು ಅಗಲಕ್ಕೆ, ಮಾಂಸವೇ ಇರಲಿಲ್ಲ. ಅಂಚು ಕಪ್ಪಾಗಿತ್ತು. ಅರಿಸಿನದ ಪುಡಿ ಹೆಪ್ಪುಗಟ್ಟಿತ್ತು. ನಡುವೆ ಬೆಳ್ಳಗೆ ಕಂಡದ್ದು ಕೀವಲ್ಲ, ಮೂಳೆ. ಇಂಥ ಹುಣ್ಣನ್ನು ಆಸ್ಪತ್ರೆಯಲ್ಲಿ ಎರಡು ಸಲ ನೋಡಿದ್ದಳು. ಆ ಇಬ್ಬರೂ ಉಳಿದಿರಲಿಲ್ಲ. ಫಾರಮ್ಮಿನಲ್ಲಿ 'ಬೆನ್ನು' ಎಂದೇ ಒಂದು ಕಾಲಮ್ಮಿತ್ತು. ಪರದೆಯಲ್ಲಿ ಬಾಳಿದ ಹೆಂಗಸು, ಬಟ್ಟೆ ಸರಿಸಿ ನೋಡುವುದು ಹೇಗೆ ಎಂದು ಸಂಕೋಚಪಟ್ಟು, "ಬೆನ್ನು ಹೇಗಿದೆ?" ಎಂದು ಆಯಾಳನ್ನೇ ಕೇಳಿ ಶಾಂತಕುಮಾರಿ ಗುರುತು ಹಾಕುತ್ತಿದ್ದಳು.

"ಎಷ್ಟು ದಿನ ಆಯ್ತು?"

"ದೀಪಾವಳಿ ಹೊತ್ತಿಗೆ ಕೆಂಪಾಗಿತ್ತು. ಆಮೇಲೆ ಒಡೀತು."

"ನನಗೆ ಯಾಕೆ ಹೇಳ್ಲಿಲ್ಲ ನೀನು?"

ವಸಂತಮ್ಮ ಮುದುಕಿಯ ಭುಜವನ್ನು ಬಿಡದೆ ಹಿಡಿದುಕೊಂಡೇ ಇದ್ದಳು. "ಒಬ್ಳೇ ಹೊರಳ್ಸಕ್ಕೆ ಆಗಲ್ಲ, ಇನ್ನೊಬ್ರು ಬೇಕು ಅಂತ ಮೂರು ಸಲ ಹೇಳ್ದೆ ಅಮ್ಮ. 'ಆಸ್ಪತ್ರೇಲಿ ನಾನೊಬ್ಳೇ ಇಪ್ಪತ್ತು ಜನಾನ ನೋಡ್ತಿದ್ದೆ, ನಿಂಗೆ ಒಬ್ರನ್ನ ನೋಡಕ್ಕಾಗಲ್ವಾ' ಅಂದ್ರಿ. ಹುಣ್ಣಾದ ಮೇಲೆ ಹೇಳಕ್ಕೆ ಹೆದ್ರಿಕೆ ಆಯ್ತು. ಬಾಳೂರಲ್ಲಿ ಆ ಅಜ್ಜ ಮಂಚದಿಂದ ಬಿದ್ದಾಗ ಅಲ್ಲಿದ್ದೋಳನ್ನ ನೀವು ಅವತ್ತೇ ಬಿಡಿಸಿದ್ರಿ. ನೀವೇ ಒಂದ್ಸಲ ನೋಡ್ತೀರಿ ಅಂದ್ಕೊಂಡಿದ್ದೆ. ಪ್ರತಿ ಸಲ ಅಂದ್ಕೊಳ್ತಿದ್ದೆ."

ಶಾಂತಕುಮಾರಿಗೆ ತಾನು ಅಂದದ್ದು ನೆನಪಿತ್ತು. ಯಾವ ಕುರ್ಚಿಯ ಮೇಲೆ ಕೂತು, ಎಷ್ಟನೇ ಗುಟುಕು ಕಾಫಿಗೆ ಅಂದೆ ಎನ್ನುವುದೂ ನೆನಪಿತ್ತು. ಗೋಡೆಯ ಕಡೆ ಮುಖವಾಗಿದ್ದ ಜಮೀಲುನ್ನೀಸಾ ಉದ್ದಕ್ಕೆ ಒಂದು ಉಸಿರು ಬಿಟ್ಟಳು. ತಿಂಗಳುಗಳ ಮೇಲೆ ಆ ಬೆನ್ನಿಗೆ ಗಾಳಿ ತಾಗಿತ್ತು.

ಅವತ್ತೇ ಡಾಕ್ಟರು ಬಂದರು. ನಂಜು ರಕ್ತಕ್ಕೆ ಏರಿದೆ, ಮಂಗಳೂರಿಗೆ ಹೊತ್ತುಕೊಂಡು ಹೋದರೂ ಘಾಟಿ ಇಳಿಯುವವರೆಗೆ ಜೀವ ಉಳಿಯುವುದಿಲ್ಲ ಎಂದರು. ಯಾಕೂಬ್ ಗ್ರೀಸು ಹತ್ತಿದ ಕೈಯನ್ನು ಅಂಗಿಗೆ ಒರೆಸುತ್ತ, ಒರೆಸುತ್ತ ನಿಂತಿದ್ದ. ಸಂಜೆ ವಸಂತಮ್ಮನ ಟ್ರಂಕನ್ನು ಜಗಲಿಗೆ ತಂದಿಟ್ಟ. ಅವಳು ಅದನ್ನು ಎತ್ತಿಕೊಂಡು ಹೋದಳು.

ಮರುದಿನ ಮೂಡಿಗೆರೆಯಲ್ಲಿ ಮಂಜಯ್ಯನವರು ಹಾಳೆ ಮುಂದಿಟ್ಟರು. "ಆಯಾಳ ನಿರ್ಲಕ್ಷ್ಯ ಅಂತ ಎರಡು ಸಾಲು ಬರೀರಿ ಸಿಸ್ಟರ್. ಟ್ರಸ್ಟಿಗೆ ಕೆಟ್ಟ ಹೆಸರು ಬರಬಾರದು." ಅವಳು ಆ ಸಾಲು ಬರೆಯಲಿಲ್ಲ. 'ಇಬ್ಬರು ಬೇಕೆಂದು ಆಯಾ ಹೇಳಿದ್ದಳು. ನಾನು ಕೇಳಲಿಲ್ಲ. ಬೆನ್ನು ನೋಡದೆ ತೃಪ್ತಿಕರವೆಂದು ಬರೆದೆ' ಎಂದು ಬರೆದು ಸಹಿ ಹಾಕಿದಳು. ಮಂಜಯ್ಯ ಓದಿದರು, ಕನ್ನಡಕ ತೆಗೆದರು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ನಿಮಗೆ ಸುಸ್ತಾಗಿದೆ. ಮನೆಗೆ ಹೋಗಿ" ಎಂದರು. ವಸಂತಮ್ಮನನ್ನು ತೆಗೆದ ಪತ್ರ ಸಂಜೆಯ ಟಪಾಲಿಗೇ ಹೋಯಿತು. ಶಾಂತಕುಮಾರಿಯನ್ನು ಯಾರೂ ತೆಗೆಯಲಿಲ್ಲ.

ಶುಕ್ರವಾರ, ಕಾರ್ಡಿನಲ್ಲಿ ಬರೆದಿದ್ದ ದಿನವೇ, ಅವಳು ಬಣಕಲ್ಲಿಗೆ ಬಂದಳು. ಮುದುಕಿ ಬೆಳಗಿನ ಜಾವ ತೀರಿಕೊಂಡಿದ್ದಳು. ಮನೆ ಮುಂದೆ ಗಂಡಸರು ಟೋಪಿ ಹಾಕಿ ಬೆಂಚುಗಳ ಮೇಲೆ ಕೂತಿದ್ದರು. ಹಿತ್ತಿಲಲ್ಲಿ ಸೀರೆಗಳ ಮರೆ ಕಟ್ಟಿ ಹೆಂಗಸರು ಮೈ ತೊಳೆಯುತ್ತಿದ್ದರು. ಸಾಂಬ್ರಾಣಿಯ ಹೊಗೆ ರಸ್ತೆಯವರೆಗೆ ಬಂದಿತ್ತು. ಯಾಕೂಬ್ ಅವಳಿಗೆಂದು ಒಳಗಿನಿಂದ ಕುರ್ಚಿ ತಂದ.

"ಯಾಕೂಬ್, ಒಂದು ಮಾತು ಹೇಳ್ಬೇಕು. ವಸಂತಮ್ಮಂದು ತಪ್ಪಿಲ್ಲ. ಇಬ್ರು ಬೇಕು ಅಂತ ಅವಳು ಹೇಳಿದ್ಲು. ಬೇಡ ಅಂದಿದ್ದು ನಾನು. ನಿಮ್ಮಮ್ಮನ ಬೆನ್ನು ನಾನು ಒಂದು ಸಲಾನೂ ನೋಡಿರ್ಲಿಲ್ಲ."

ಅವನು ಕೆಂಪಾದ ಕಣ್ಣೆತ್ತಿ ಅವಳನ್ನೇ ನೋಡಿದ. ಹೊಡೆದುಬಿಡಲಿ ಎಂದು ಅವಳಿಗೆ ಅನ್ನಿಸಿತು.

"ಬಿಡಿ ಸಿಸ್ಟ್ರೇ" ಎಂದ. "ನೀವು ದೊಡ್ಡ ಮನಸ್ಸಿನವರು, ಅವಳ ತಪ್ಪನ್ನೂ ನಿಮ್ಮ ಮೇಲೆ ಹಾಕ್ಕೊಳ್ತೀರಿ. ಅವತ್ತು ನೀವು ಬರದೆ ಹೋಗಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ತಿಂಗಳು ತಿಂಗಳು ನೀವು ಬಂದು ನೋಡ್ತೀರಿ ಅನ್ನೋದೇ ನಂಗೆ ಧೈರ್ಯ ಆಗಿತ್ತು."

ಅವಳು ಇನ್ನೊಮ್ಮೆ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಕರೆದರೆಂದು ಅವನು ಆ ಕಡೆ ಹೋದ.

ಹಿತ್ತಿಲ ಮರೆಯಿಂದ ರೌಶನ್ ಬೀ ಮನೆ ಮುಂದಕ್ಕೆ ಬಂದಳು. ಮೊಣಕೈವರೆಗೂ ಒದ್ದೆ, ಕಣ್ಣೂ ಒದ್ದೆ. ಶಾಂತಕುಮಾರಿಯ ಪಕ್ಕ ನೆಲದ ಮೇಲೆ ಕುಸಿದು ಕೂತು ಕೈ ಒರೆಸಿಕೊಂಡಳು.

"ನಮ್ಮಲ್ಲಿ ಎಡಕ್ಕೊಂದ್ಸಲ ಬಲಕ್ಕೊಂದ್ಸಲ ಹೊರಳ್ಸಿ ತೊಳೀಬೇಕು ಸಿಸ್ಟ್ರೇ" ಎಂದಳು. "ಮೂರು ಜನ ಬೇಕಾಯ್ತು."

ರೌಶನ್ ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೈಯ ಉಗುರು ಮಾತ್ರ ಚೆನ್ನಾಗಿ ಕತ್ತರ್ಸಿದ್ರು, ಪಾಪ."

ಶಾಂತಕುಮಾರಿ ತನ್ನ ಮಣಿಕಟ್ಟನ್ನು ನೋಡಿಕೊಂಡಳು. ಎರಡು ತಿಂಗಳ ಹಿಂದಿನ ಗಾಯ ಮಾಗಿತ್ತು. ನಾಲ್ಕು ಗೀರಿನಲ್ಲಿ ಮೂರು ಮಾಸಿಹೋಗಿ ಒಂದು ಮಾತ್ರ ಬೆಳ್ಳಗೆ ಉಳಿದಿತ್ತು. ಅದರ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಸೆರಗು ತೆಗೆದು, ಹೊಗೆಯಲ್ಲಿ, ಅದನ್ನೇ ನೋಡುತ್ತ ಕೂತಳು.