ಕಡಗದೊಳಗಿನ ಅರಿವೆ

ನರ್ಸ್ ಮೈಮುನಬಿಯ, ಅಂದರೆ ನನ್ನ, ಸಿಟ್ಟು ಎಂಥದ್ದೆಂದು ಗಂಗಾವತಿಯ ಆ ಆಸ್ಪತ್ರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನು ಬಂದೆನೆಂದರೆ ವರಾಂಡದಲ್ಲಿ ಬೀಡಿ ಸೇದುವವರು ಎದ್ದು ಓಡುತ್ತಿದ್ದರು. ಎಂಬತ್ಮೂರನೇ ಇಸವಿಯಲ್ಲಿ ಹೊಸ ಡಾಕ್ಟರು ಒಂದು ನಿಯಮ ತಂದರು. ಸೇರಿದ ದಿನವೇ ಎಲ್ಲರನ್ನೂ ತೂಗಬೇಕು. ದೊಡ್ಡ ಹೆಂಗಸು ಮೂವತ್ತೈದು ಕಿಲೋಗಿಂತ ಕಡಿಮೆ ಇದ್ದರೆ ಮೊದಲು ಹಾಲು, ಮೊಟ್ಟೆ ಕೊಟ್ಟು ಮೈ ತುಂಬಿಸಬೇಕು, ಆಮೇಲೆ ಆಪರೇಷನ್. ಸೊರಗಿದ ಮೈಯಲ್ಲಿ ಹೊಲಿಗೆ ಕೂಡುವುದಿಲ್ಲ, ಜೀವಕ್ಕೇ ಕುತ್ತು ಬರುತ್ತದೆ. ಅದನ್ನು ನಾನೂ ಕಣ್ಣಾರೆ ಕಂಡವಳು.

ಆನೆಗೊಂದಿಯ ಯಂಕವ್ವ ಹೊಟ್ಟೆಯ ಗಡ್ಡೆ ತೆಗೆಸಲು ಬಂದಳು. ಮೂವತ್ತಾರು ತೂಗಿದಳು. ಬರೆದುಕೊಂಡೆ, ಆಪರೇಷನ್ನಿನ ದಿನವೂ ನಿಗದಿಯಾಯಿತು.

ಹಿಂದಿನ ದಿನ ಅವಳ ಕಾಲು ತೊಳೆಯುವಾಗ ಬೆಳ್ಳಿಯ ಕಾಲ್ಗಡಗದೊಳಗೆ ಅರಿವೆ ತುರುಕಿದ್ದು ಕಂಡಿತು.

"ಇದೇನವ್ವಾ?"

"ಕಡಗ ಜಾರಿ ಹಿಮ್ಮಡಕ್ಕ ಬಡೀತಾವ್ರಿ ಅಕ್ಕಾರ. ಲಗ್ನದಾಗ ಬಿಗೀ ಇದ್ವು."

ಕಡಗದ ಕೆಳಗೆ ಬೆರಳು ಕೊಟ್ಟು ಎತ್ತಿ ನೋಡಿದೆ, ಭಾರವಿತ್ತು. ಮೂವತ್ತಾರರಲ್ಲಿ ಬೆಳ್ಳಿ ಎಷ್ಟು, ಯಂಕವ್ವ ಎಷ್ಟು? ತೂಗಿದವಳು ನಾನೇ. ಬೈಯಲು ಬೇರೆ ಯಾರೂ ಸಿಗಲಿಲ್ಲ.

"ತೆಗಿ, ಇನ್ನೊಮ್ಮೆ ತೂಗ್ತೀನಿ."

"ಅಯ್ಯ ಶಿವನ! ಮುತ್ತೈದಿ ಅದೀನ್ರಿ ನಾ. ಗಂಡ ಇರೂತನ ತೆಗಿಯಂಗಿಲ್ಲ."

ಬೈದೆ, ಬೇಡಿಕೊಂಡೆ, ಕಾಲು ಮಡಚಿಕೊಂಡು ಕೂತೇಬಿಟ್ಟಳು. ಬಾಗಿಲಲ್ಲಿದ್ದ ಅವಳ ಗಂಡ ಗಾಳೆಪ್ಪ ಒಳಗೆ ಬಂದ.

"ಏ ಹುಚ್ಚಿ, ನಾ ಇಲ್ಲೇ ಗುಂಡಕಲ್ಲಿನಂಗ ನಿಂತೀನಿ. ನನಗೇನಾಗ್ತೈತಿ? ನೀ ಉಳೀಬೇಕು ನನಗ."

ಅವನೇ ಕೂತು ಎರಡೂ ಕಡಗ ಬಿಚ್ಚಿದ. ಹೆಗಲ ಟವೆಲ್ಲಿನಲ್ಲಿ ಗಂಟು ಕಟ್ಟಿಕೊಂಡ.

ಮೂವತ್ತನಾಲ್ಕೂವರೆ!

ಡಾಕ್ಟರಿಗೆ ನನ್ನ ತಪ್ಪನ್ನು ನಾನೇ ಹೇಳಿದೆ. ಆಪರೇಷನ್ ಒಂದು ತಿಂಗಳು ಮುಂದಕ್ಕೆ ಹೋಯಿತು. ಮೊಟ್ಟೆ ಕಂಡರೆ ಯಂಕವ್ವ ಮೂಗು ಮುರಿಯುತ್ತಿದ್ದಳು. ನಾನು ಎದುರಿಗೇ ಕೂತು ತಿನ್ನಿಸುತ್ತಿದ್ದೆ. ತಿಂಗಳ ಮೇಲೆ ಆಪರೇಷನ್ ಆಯಿತು, ಹೊಲಿಗೆ ಚೆನ್ನಾಗಿ ಕೂಡಿತು. ಅಂದಿನಿಂದ ಯಾರನ್ನು ತೂಗುವ ಮೊದಲೂ ನಾನು ಕಾಲು ನೋಡುತ್ತೇನೆ.

ಮನೆಗೆ ಹೊರಟ ದಿನ ಗಾಳೆಪ್ಪ ಟವೆಲ್ಲಿನ ಗಂಟು ಬಿಚ್ಚಿ ಕಡಗ ಕೊಟ್ಟ. ಯಂಕವ್ವ ತೊಟ್ಟುಕೊಂಡಳು. ಎತ್ತಿಟ್ಟಿದ್ದ ಅರಿವೆಯನ್ನು ನಾನು ಮುಂದೆ ಹಿಡಿದೆ. ಅವಳು ಎದ್ದು ನಿಂತು ಒಂದು ಕಾಲು ಝಾಡಿಸಿದಳು. ಕಡಗ ಜಾರಲಿಲ್ಲ.

"ಅರಿವಿ ಬ್ಯಾಡ್ರಿ ಅಕ್ಕಾರ. ನನ್ನ ಕಾಲು ನನಗ ತಿರುಗಿ ಬಂದಾವ."

ಕಣ್ಣು ತುಂಬಿ ಬಂತು. ಯಾರಾದರೂ ನೋಡಿಯಾರೆಂದು ವರಾಂಡಕ್ಕೆ ಹೋಗಿ ಬೀಡಿಯವರಿಗೆ ಬಾಯಿತುಂಬ ಬೈದೆ.